ಮಾಳಿಗಿ ಕೀಲಿ

ನರೇಗಲ್ಲಿನವರಿಗೆ ಮನೆಯೆಂದರೆ ಅರ್ಧ ಮಾಳಿಗೆಯೇ. ತೊಲೆ, ಜಂತಿ, ಅದರ ಮೇಲೆ ದಪ್ಪಗೆ ಮಣ್ಣು. ನಮ್ಮ ಓಣಿಯಲ್ಲಿ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿದ್ದವು. ಕುಂಬಿ ದಾಟುತ್ತ ಹೋದರೆ ಕಾಲು ನೆಲಕ್ಕೆ ತಾಗದೆ ಕಡೇ ಮನೆ ಮುಟ್ಟಬಹುದಿತ್ತು. ಹಗಲು ಅಲ್ಲಿ ಮೆಣಸಿನಕಾಯಿ, ಶಾವಿಗಿ, ಸಂಡಿಗಿ ಒಣಗುತ್ತಿದ್ದವು. ಬೇಸಿಗೆಯ ರಾತ್ರಿ ಅಲ್ಲೇ ಹಾಸಿಗೆ, ಓಣಿಯ ಜಗಳಗಳ ರಾಜಿಯೂ ಅಲ್ಲೇ. ಎರೆಭೂಮಿಯ ಊರು, ಮರ ಕಡಿಮೆ. ಹಳೆಯ ಕಲ್ಲಿಗೆ ಮಾತ್ರ ಬರವಿಲ್ಲ: ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಕ್ರಿ.ಶ. 950ರಲ್ಲಿ ಬಸದಿ ಕಟ್ಟಿಸಿದ ಊರದು.

ಈಗ ನಾನಿರುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿ, ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಕಿಟಕಿ ತೆರೆದರೆ ಹೊಂಗೆಯ ಟೊಂಗೆ. ಇಲ್ಲಿನ ಹಿರಿಯ ಕಾಡುಮಲ್ಲೇಶ್ವರ. ಶಿವಾಜಿಯ ಮಲಸೋದರ ವೆಂಕೋಜಿ 1669ರಲ್ಲಿ ಅವನಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದು ಶಾಸನದಲ್ಲಿದೆ. ಬಡಾವಣೆ ತುಂಬಿದ್ದು ಬಹಳ ತಡವಾಗಿ, 1898ರ ಪ್ಲೇಗಿನ ಅಂಜಿಕೆಗೆ. ಪೇಟೆಯ ಇಕ್ಕಟ್ಟಿನಿಂದ ಓಡಿ ಬಂದವರಿಗೆ ಅಗಲ ರಸ್ತೆ, ಮನೆ ಸುತ್ತ ಅಂಗಳ, ಹಿಂದೆ ಝಾಡಮಾಲಿ ಬರುವ ಸಣ್ಣ ಗಲ್ಲಿ. ಮನೆಯಿಂದ ಮನೆಗೆ ಗಾಳಿಯಾಡಬೇಕು ಎಂಬುದೇ ಆ ನಕ್ಷೆಯ ಜೀವ. ರಸ್ತೆಗೂ ಸಂಪಿಗೆ, ಬೇವಿನ ಹೆಸರು.

ಆಮೇಲೆ ನಮ್ಮ ಅಪಾರ್ಟ್‌ಮೆಂಟಿನ ಜಾಗದಲ್ಲಿದ್ದ ಬಂಗಲೆಯ ಅಜ್ಜ ಹೋದ, ಮಕ್ಕಳು ಪಾಲು ಕೇಳಿದರು. ಒಂದು ಅಂಗಳವನ್ನು ನಾಲ್ವರು ಹೇಗೆ ಹಂಚಿಕೊಂಡಾರು? ಬಿಲ್ಡರ್ ಬಂದ, ಒಂದಷ್ಟು ಫ್ಲ್ಯಾಟು ಅವರಿಗೆ, ಉಳಿದದ್ದು ತನಗೆ. ಅಂಗಳದ ಮಾವು ಹೋಯಿತು, ರಸ್ತೆಯ ಹೊಂಗೆ ಉಳಿಯಿತು. ಉಳಿದದ್ದರ ಫೋಟೋ ಜಾಹೀರಾತಿಗೆ ಬಂತು. ನಾನೂ ಅದನ್ನು ನೋಡಿಯೇ ಕೊಂಡವನು. ಹಳೇ ಬಂಗಲೆಗಳಿಗಾಗಿ ಮರುಗುವವರ ಜೊತೆ ಪೂರ್ತಿ ಸೇರಲಾರೆ. ಆ ಬಂಗಲೆ ಉಳಿದಿದ್ದರೆ ನನಗೆ ಅದರ ಗೇಟೂ ದಕ್ಕುತ್ತಿರಲಿಲ್ಲ.

ಒತ್ತೊತ್ತಾಗಿ ಬದುಕುವುದು ನಮ್ಮೂರವರಿಗೆ ಹೊಸದಲ್ಲ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸಿಕೊಂಡೇ ನಾನು ಹಾಯಾಗಿರಬಲ್ಲೆ. ಸೇರದ್ದು ಒಂದೇ, ಮೇಲೆ ಚಾವಣಿಯ ಬಾಗಿಲಿಗೆ ಸದಾ ಕೀಲಿ. ನೀರಿನ ಟಾಕಿಯಿದೆ, ಸೋಲಾರ್ ಇದೆ, ಹುಡುಗರು ಹತ್ತಿ ಬಿದ್ದಾರು ಎಂಬುದು ಅಪಾರ್ಟ್‌ಮೆಂಟಿನ ಸಂಘದವರ ಕಾರಣ. ಊರಿಂದ ಬಂದ ಅವ್ವ ಬಾಲ್ಕನಿಯ ಗೇಣಗಲ ಬಿಸಿಲಿನಲ್ಲಿ ಸಂಡಿಗಿ ತಟ್ಟೆ ಸರಿಸುತ್ತ ಕೇಳಿದಳು: ‘ಇಷ್ಟ ದೊಡ್ಡ ಮಾಳಿಗಿ ಯಾರ ಸಲುವಾಗಿ ಕಟ್ಯಾರೋ ತಮ್ಮಾ?’

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯ್ದೆ ಚಾವಣಿಯನ್ನು ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಜಾಗಗಳ ಪಟ್ಟಿಯಲ್ಲೇ ಇಟ್ಟಿದೆ. ಸಂಘದ ಹಿರಿಯರೇ, ಟಾಕಿಗೆ ಜಾಳಿಗೆ ಹಾಕಿಸಿ, ಕುಂಬಿ ಎತ್ತರಿಸಿ, ಅದರ ವಂತಿಗೆ ಕೊಡಲು ನಾನು ತಯಾರು. ಸಂಡಿಗಿ ಕಾಲಕ್ಕಾದರೂ ಕೀಲಿ ತೆಗೆಯಿರಿ.