ಖಾನಾಪುರದ ಹರವಿ, ಲಾಗರ್‌ನ ಚಳಿ

ಬೆಳಗಾವಿಯಿಂದ ಲೋಂಡಾ ಕಡೆಯ ರೈಲು ಹಿಡಿದರೆ ಸುಮಾರು 25 ಕಿ.ಮೀ. ದೂರದಲ್ಲಿ ಖಾನಾಪುರ. ಮಲಪ್ರಭೆಯ ದಡದ ಈ ಊರು ಮಡಕೆ, ಹೆಂಚುಗಳಿಗೆ ಹೆಸರುವಾಸಿ.

ಸುಮಾರು 750 ಮೀಟರ್ ಎತ್ತರದ ತಂಪು ಬೆಳಗಾವಿಯಲ್ಲಿ ಮೊದಲ ಬಾರಿಗೆ ಲಾಗರ್ ಬಿಯರ್ ಮಾಡುವ ಆಸೆ ಹುಟ್ಟಿದವನಿಗೆ ಇಲ್ಲಿಯ ನೀರಿನ ಹರವಿ ನೆನಪಾದೀತು. ಮೊಳಕೆ ಬಾರ್ಲಿಯ ರಸವನ್ನು ಹುದುಗಿಸುವ ಲಾಗರ್ ಯೀಸ್ಟ್‌ಗೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ಬೇಕು. ಬಳಿಕ ಸೊನ್ನೆಯ ಸಮೀಪ ವಾರಗಟ್ಟಲೆ ವಿಶ್ರಾಂತಿ. ಜರ್ಮನ್ ಭಾಷೆಯಲ್ಲಿ ‘ಲಾಗರ್’ ಎಂದರೆ ಉಗ್ರಾಣವೇ!

ಹರವಿಯಿಂದ ಜಿನುಗುವ ನೀರು ಆವಿಯಾಗುತ್ತ ಶಾಖ ಹೀರುತ್ತದೆ, ನಿಜ. ಆದರೆ ಮಳೆಗಾಲದ ತೇವಗಾಳಿಯಲ್ಲಿ ಆ ತಂಪು ಅಷ್ಟಕ್ಕಷ್ಟೆ. ಬೇಸಿಗೆಯಲ್ಲೂ 10 ಡಿಗ್ರಿ ಮುಟ್ಟದು. ಮೇಲಾಗಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧ.

ರಾತ್ರಿ ಗಡಿಗೆಯಲ್ಲಿ ಹುಳಿಯಲಿಟ್ಟ ಜೋಳದ ಅಂಬಲಿಗೆ ಮಾತ್ರ ಚಳಿಯೂ ಬೇಡ, ಪರವಾನಗಿಯೂ ಬೇಡ.