ಕಾಕಾನ ಟ್ಯಾಬು, ಅತ್ತಿಯ ಬಾವಿ

ನಮ್ಮ ಕಾಕಾ ಅಂಗಡಿಯ ಶಟರು ಮುಚ್ಚುತ್ತಾರೆ, ಮನೆಯ ಕದ ಮುಚ್ಚುತ್ತಾರೆ, ಅಪರೂಪಕ್ಕೆ ಬಾಯಿಯನ್ನೂ ಮುಚ್ಚುತ್ತಾರೆ. ಬ್ರೌಸರಿನ ಟ್ಯಾಬು ಮುಚ್ಚಿದ್ದನ್ನು ಮಾತ್ರ ಕಂಡವರಿಲ್ಲ. ಇಳಕಲ್ಲಿನ ಅವರ ಸೀರೆ ಅಂಗಡಿಯಲ್ಲಿ ಗಾದಿಯ ಪಕ್ಕಕ್ಕೊಂದು ಹಳೆಯ ಕಂಪ್ಯೂಟರು. ಅದರಲ್ಲಿ ಹೋದ ವರ್ಷದ ಪಂಚಾಂಗ, ಯಾರದೋ ಮಗಳ ಮದುವೆಗೆ ಆರಿಸಿಟ್ಟ ಟೋಪ್ ತೆನಿ ಸೆರಗಿನ ಚಿತ್ರ, ಹುನಗುಂದದ ಕಡೆ ಮಳೆಯಾದೀತೇ ಎಂದು ಯಾವುದೋ ಮುಂಗಾರಿನಲ್ಲಿ ತೆರೆದ ಹವಾಮಾನದ ಪುಟ, ಎಲ್ಲವೂ ಸಾಲಾಗಿ ಕೂತಿವೆ. ಆ ಮಳೆ ಬಂದು, ಬೆಳೆ ಎದ್ದು, ರಾಶಿಯಾಗಿ, ಹಗೇವು ಸೇರಿ, ರೊಟ್ಟಿಯೂ ಆಗಿಹೋಯಿತು. ಕಾಕಾನ ಪುಟದಲ್ಲಿ ಇನ್ನೂ ಮೋಡ.

“ಇರಲಿ ಬಿಡೋ ತಮ್ಮಾ, ಅದೇನು ಬಾಡಿಗಿ ಕೇಳತೈತೇನು?”

ಬಾಡಿಗೆ ಕೇಳುತ್ತದೆ ಎಂಬುದು ಗೊತ್ತಾದದ್ದು ನಮ್ಮ ಮನೆತನದ ವಹಿ ಆ ಕಂಪ್ಯೂಟರಿಗೆ ಹೊಕ್ಕ ಮೇಲೆ.

ಅಜ್ಜಿ ಹೋದ ನಂತರ ಯಾರು ಯಾರಿಗೆ ಏನಾಗಬೇಕು, ಯಾವ ಮದುವೆಯಲ್ಲಿ ಯಾರು ಯಾವ ಸೀರೆ ಕೊಟ್ಟರು, ಯಾರು ಕೊಡದೆ ಮುಖ ತಿರುಗಿಸಿದರು ಎಂದು ಹೇಳುವವರು ಉಳಿಯಲಿಲ್ಲ. ನೆನಪಿದ್ದಷ್ಟನ್ನು ಒಂದು ಕಡೆ ಬರೆದಿಡೋಣ ಅಂದೆವು. ಅದಕ್ಕೆ ನಾನು ಹುಡುಕಿದ್ದು ಟಿಡ್ಲಿವಿಕಿ. ಜೆರೆಮಿ ರಸ್ಟನ್ ಎಂಬವರು 2004ರಲ್ಲಿ ಹೊರತಂದದ್ದು. ಇಡೀ ವಹಿಯೇ ಒಂದು ಎಚ್‌ಟಿಎಮ್‌ಎಲ್ ಫೈಲು. ಬರೆದದ್ದು, ಬರೆಯುವ ಸಲಕರಣೆ, ಹುಡುಕುವ ಕಿಂಡಿ, ಎಲ್ಲವೂ ಆ ಒಂದೇ ಗಂಟಿನಲ್ಲಿ. ತೊಡಕು ಒಂದೇ: ಬ್ರೌಸರು ತಾನಾಗಿ ನಮ್ಮ ಡಿಸ್ಕಿನಲ್ಲಿ ಬರೆಯುವಂತಿಲ್ಲ. ಅದು ಸರಿಯೇ, ಕಂಡ ಕಂಡ ಪುಟವೆಲ್ಲ ಒಳಗೆ ಬಂದು ಗೀಚುವಂತಾದರೆ ಮನೆ ಉಳಿದೀತೇ? ಮೊದಲು ಫೈರ್‌ಫಾಕ್ಸಿಗೆ ಇದಕ್ಕೆಂದೇ ಒಂದು ಆಡ್-ಆನ್ ಇತ್ತು. 2017ರ ನವೆಂಬರಿನಲ್ಲಿ 57ನೆಯ ಆವೃತ್ತಿ ಬಂದಾಗ ಹಳೆಯ ಬಗೆಯ ಆಡ್-ಆನ್‌ಗಳ ಜತೆ ಅದಕ್ಕೂ ತಿಲತರ್ಪಣವಾಯಿತು. ಹಾಗಾಗಿ ಅದೇ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಸರ್ವರ್ ಕೂರಿಸಿದೆ. ಬ್ರೌಸರು ಗಂಟನ್ನು ಸರ್ವರಿನ ಕೈಗೆ ಕೊಡುತ್ತದೆ, ಸರ್ವರು ಡಿಸ್ಕಿಗೆ ಬರೆಯುತ್ತದೆ.

ವೈನಿ, ಅಂದರೆ ಕಾಕಾನ ಸೊಸೆ, ಅಡುಗೆಮನೆಯಿಂದ ಫೋನಿನಲ್ಲಿ ಬರೆಯುವುದೆಂದು ಗೊತ್ತಾಯಿತು. ಕಾಕಾ ತಮ್ಮ ಪರದೆಯಲ್ಲಿ ಕಂಡ ವಿಳಾಸವನ್ನೇ ಗಟ್ಟಿಯಾಗಿ ಓದಿ ಹೇಳಿದರು: “127.0.0.1”. ಫೋನಿನಲ್ಲಿ ಏನೂ ಬರಲಿಲ್ಲ. ಬರುವುದೂ ಇಲ್ಲ. ಯಾವ ಯಂತ್ರದಲ್ಲಿ ಹಾಕಿದರೂ ಆ ವಿಳಾಸ ಅದೇ ಯಂತ್ರವನ್ನು ತೋರಿಸುತ್ತದೆ. ಫೋನು ತನ್ನ ಮನೆಯ ಬಾಗಿಲನ್ನು ತಾನೇ ಬಡಿದು, ಒಳಗೆ ಯಾರೂ ಇಲ್ಲ ಎಂದು ವರದಿ ಒಪ್ಪಿಸಿತು. ವೈಫೈಯೊಳಗಿನ 192.168 ಎಂದು ಸುರುವಾಗುವ ವಿಳಾಸ ಕೊಟ್ಟೆ, ವಹಿ ತೆರೆಯಿತು.

ವೈನಿ ಮಧ್ಯಾಹ್ನವೆಲ್ಲ ಕೂತು ಬನಶಂಕರಿ ಜಾತ್ರೆಯಲ್ಲಿ ಅಜ್ಜಿ ಕಳೆದುಹೋಗಿದ್ದ ಕತೆ ಬರೆದಳು. ಬಾದಾಮಿಯಿಂದ ಚಕ್ಕಡಿ ಹೂಡಿದ್ದು, ನಾಟಕದ ತಂಬುವಿನ ಹತ್ತಿರ ಕೈ ತಪ್ಪಿದ್ದು, ಬಳೆಗಾರರ ಸಾಲಿನಲ್ಲಿ ಸಿಕ್ಕಿದ್ದು. ಸಂಜೆ ನೋಡಿದರೆ ಕತೆಯೇ ಇಲ್ಲ. ಅಜ್ಜಿಯಾದರೂ ಅವತ್ತು ದೀಪ ಹಚ್ಚುವ ಹೊತ್ತಿಗೆ ಸಿಕ್ಕಿದ್ದಳು.

ಆಪಾದನೆಗಳು ಶುರುವಾದವು. ಕರೆಂಟು ಎಂದರು, ವೈರಸ್ಸು ಎಂದರು. ವೈನಿಯ ಬೆರಳು ಒದ್ದೆ ಇದ್ದವು ಎಂಬ ಮಾತೂ ಬಂತು. ಅದಕ್ಕೆ ಅವಳು ಕೊಟ್ಟ ಉತ್ತರ ವಹಿಯಲ್ಲಿ ದಾಖಲಾಗುವುದು ಬೇಡ. ನಾನು ಬ್ರೌಸರಿನ ನೆಟ್‌ವರ್ಕ್ ಪಟ್ಟಿ ತೆರೆದುಕೊಂಡು ಕಾಕಾನ ಬೆನ್ನ ಹಿಂದೆ ನಿಂತೆ. ಅವರು ಬೆಳಿಗ್ಗೆ ತೆರೆದ ಟ್ಯಾಬಿಗೆ ಹೋದರು. ‘ರೇಷ್ಮಿ ಬಾಕಿ’ ಎಂಬ ಚೀಟಿಯಲ್ಲಿ ಒಂದು ಟಿಕ್ ಹಾಕಿದರು, ಅಷ್ಟೆ. ಪಟ್ಟಿಯಲ್ಲಿ ‘ಪುಟ್’ ಎಂಬ ಸಾಲು ಮಿಂಚಿತು, ‘200’ ಎಂದು ಸರ್ವರು ತಲೆಯಾಡಿಸಿತು. ಕಾಕಾ ಹಾಕಿದ್ದು ಒಂದು ಟಿಕ್ಕು. ಬ್ರೌಸರು ಕಳಿಸಿದ್ದು ಬೆಳಗಿನ ಇಡೀ ಗಂಟು. ಆ ಗಂಟಿನಲ್ಲಿ ಅಜ್ಜಿ ಇನ್ನೂ ಜಾತ್ರೆಗೆ ಹೊರಟೇ ಇರಲಿಲ್ಲ.

ಒಬ್ಬರು ಬರೆದದ್ದು ಇನ್ನೊಬ್ಬರ ಕೈಯಲ್ಲಿ ಹೀಗೆ ಕಳೆದುಹೋಗುವುದನ್ನು ಕಂಪ್ಯೂಟರಿನವರು ‘ಲಾಸ್ಟ್ ಅಪ್‌ಡೇಟ್’ ಎನ್ನುತ್ತಾರೆ. ಮದ್ದು 1990ರ ದಶಕದಲ್ಲೇ ಎಚ್‌ಟಿಟಿಪಿಯ ಒಳಗೆ ಸೇರಿದೆ. ಸರ್ವರು ಫೈಲು ಕೊಡುವಾಗ ಅದರ ಅವತ್ತಿನ ರೂಪಕ್ಕೆ ಇ-ಟ್ಯಾಗ್ ಎಂಬ ಗುರುತು ಹಚ್ಚಿ ಕೊಡುತ್ತದೆ. ಉಳಿಸಲು ಬಂದ ಬ್ರೌಸರು, ‘ನಾನು ಒಯ್ದಾಗ ಈ ಗುರುತಿತ್ತು, ಈಗಲೂ ಅದೇ ಇದ್ದರೆ ಮಾತ್ರ ಬರಿ’ ಎಂದು ಕೇಳಬೇಕು. ನಡುವೆ ಬೇರೆ ಯಾರಾದರೂ ಕೈಯಾಡಿಸಿದ್ದರೆ ಸರ್ವರು 412 ಎಂದು ಹೇಳಿ ಗಂಟನ್ನು ಹಿಂದಕ್ಕೆ ತಳ್ಳುತ್ತದೆ. ಟಿಡ್ಲಿವಿಕಿ ಹಾಗೆ ಕೇಳಲು ಸಿದ್ಧವಿತ್ತು. ನಮ್ಮ ಪುಟ್ಟ ಸರ್ವರಿಗೆ ಗುರುತು ಹಚ್ಚುವ ಅಭ್ಯಾಸ ಇರಲಿಲ್ಲ. ಕೊಟ್ಟವರ ಕೈಯಿಂದ ಇಸಿದುಕೊಂಡು, ಹಳೆಯದರ ಮೇಲೆ ಬರೆದು, ಎಲ್ಲರಿಗೂ ‘200, 200’ ಎನ್ನುವ ಬಲು ಸಭ್ಯ ಸರ್ವರು ಅದು. ಗುರುತು ಹಚ್ಚುವ ಇನ್ನೊಂದನ್ನು ತಂದು ಕೂರಿಸಿದೆ.

ಮರುದಿನವೇ ಕಾಕಾನ ಪರದೆಯಲ್ಲಿ ಬಂತು: ಸರ್ವರಿನಲ್ಲಿರುವ ಫೈಲು ಬದಲಾಗಿದೆ, ಉಳಿಸಲಾಗದು.

“ನನ್ನ ಅಂಗಡಿಯೊಳಗ ನನಗ ಅಡ್ಡಿ?” ಕಾಕಾ ಗಾದಿಯಿಂದ ಎದ್ದೇಬಿಟ್ಟರು. “ಮೊದಲಿಂದು ಎಷ್ಟು ಚಲೋ ಇತ್ತು. ಏನೂ ಕೇಳತಿರಲಿಲ್ಲ, ಸುಮ್ಮ ಸೇವ್ ಮಾಡತಿತ್ತು.”

ಆ ಸಲ ಸರ್ವರು ತಡೆದದ್ದು ಹಳೆಯ ಮನೆಯ ಪುಟವನ್ನು. ಬಾಗಲಕೋಟೆಯಲ್ಲಿದ್ದ ನಮ್ಮ ಹಿರಿಯರ ಮನೆ. ಆಲಮಟ್ಟಿಯ ಹಿನ್ನೀರು ಏರಿದಾಗ ಊರಿನ ತಗ್ಗಿನ ಓಣಿಗಳ ಜತೆ ಅದೂ ಮುಳುಗಿತು. ಮನೆಮಂದಿ ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಸೆಕ್ಟರಿನ ನಂಬರಾದರು. ಕಾಕಾ ಬರೆದಿದ್ದರು: ಐದಂಕಣದ ಮನೆ, ಮುಂದೆ ಬೇವಿನ ಗಿಡ, ನೀರಿಗೆ ಹೊಳೆಗೆ ಹೋಗಬೇಕು. ನವನಗರದಲ್ಲಿರುವ ಅತ್ತಿ ಫೋನಿನಲ್ಲಿ ಹೇಳಿ ವೈನಿಯ ಕೈಲಿ ಬರೆಸಿದ್ದಳು: ಮೂರಂಕಣ, ಹಿತ್ತಲಲ್ಲಿ ಬಾವಿ.

ಫೋನು ಸ್ಪೀಕರಿಗೆ ಬಂತು.

“ಬಾವಿ ಎಲ್ಲೀದಬೇ? ಅದು ಮಗ್ಗಲ ಮನಿಯವರದು.”

“ನೀರು ಸೇದಿದಾಕಿ ನಾನು. ಇಂವ ಕೂತು ಉಂಡಾಂವ. ಇವಗೇನು ಗೊತ್ತು?”

ಬೇರೆ ವ್ಯಾಜ್ಯವಾದರೆ ಎದ್ದು ಹೋಗಿ ನೋಡಿ ಬರಬಹುದು. ಇಲ್ಲಿ ಮೂಲ ಪ್ರತಿ ಇರುವುದೇ ನೀರಿನ ಕೆಳಗೆ. ಉಳಿದದ್ದು ಎರಡು ಟ್ಯಾಬು. ಒಂದು ಇಳಕಲ್ಲಿನಲ್ಲಿ ತೆರೆದಿದೆ, ಇನ್ನೊಂದು ನವನಗರದಲ್ಲಿ. ಯಾವುದನ್ನು ರಿಫ್ರೆಶ್ ಮಾಡಿದರೂ ಉತ್ತರ ಕೊಡಲು ಆ ಕಡೆ ಯಾರೂ ಇಲ್ಲ.

ನಮ್ಮ ಸೀಮೆಗೆ ಇದೇನು ಹೊಸದಲ್ಲ ಬಿಡಿ. ಹುನಗುಂದ ಸೀಮೆಯ ಐಹೊಳೆಗೆ ಹೋಗಿ ಮೇಗುತಿ ಗುಡಿಯ ಗೋಡೆ ನೋಡಿ. 634ರಲ್ಲಿ ರವಿಕೀರ್ತಿ ಬರೆಸಿದ ಶಾಸನದಲ್ಲಿ ಇಮ್ಮಡಿ ಪುಲಿಕೇಶಿ ಪಲ್ಲವ ದೊರೆಯನ್ನು ಕಂಚಿಯ ಕೋಟೆಯೊಳಗೆ ಅಡಗಿಸಿದ್ದಾನೆ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದು, ಅಲ್ಲಿನ ಬಂಡೆಯಲ್ಲಿ ತನ್ನ ಬರಹ ಕೊರೆಸಿದ. ಐಹೊಳೆಯ ಗೋಡೆಗೆ ಈ ಸುದ್ದಿ ಇವತ್ತಿನವರೆಗೂ ಮುಟ್ಟಿಲ್ಲ. ಅಲ್ಲಿ ಪುಲಿಕೇಶಿ ಇನ್ನೂ ಗೆಲ್ಲುತ್ತಲೇ ಇದ್ದಾನೆ, ಕಾಕಾನ ಪುಟದ ಮೋಡ ಇದ್ದಂತೆ. ಗೆದ್ದವನಾದರೂ ಬಾದಾಮಿಯಲ್ಲಿದ್ದ ಹಳೆಯದನ್ನೆಲ್ಲ ಕೆತ್ತಿ ಹಾಕಿಸಲಿಲ್ಲ. ಒಂದನೆಯ ಪುಲಿಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ 543ರ ಶಾಸನ ಅದೇ ಊರಿನ ಬಂಡೆಯ ಮೇಲೆ ಈಗಲೂ ಇದೆ. ಕಲ್ಲಿಗೆ ಓವರ್‌ರೈಟ್ ತುಟ್ಟಿ, ಪಕ್ಕದ ಬಂಡೆ ಪುಕ್ಕಟೆ.

ನಾವೂ ಪಕ್ಕದ ಬಂಡೆ ಹಿಡಿದೆವು. ‘ಹಳೆ ಮನಿ, ಕಾಕಾ’ ಒಂದು ಪುಟ, ‘ಹಳೆ ಮನಿ, ಅತ್ತಿ’ ಇನ್ನೊಂದು. ಉಳಿದ ಪುಟಗಳನ್ನು ವೈನಿ ರಾತ್ರಿ ಊಟ ಮುಗಿದ ಮೇಲೆ ಎರಡೂ ಪ್ರತಿ ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಕೂಡಿಸಿದಳು. ಅವಳ ತವರಿನಲ್ಲಿ ಮಗ್ಗವಿತ್ತು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸದೆ ನೇಯುವಂತಿಲ್ಲ. ಚಿಕ್ಕಂದಿನಲ್ಲಿ ಆ ಕೊಂಡಿ ಕೆಲಸ ಮಾಡಿದವಳಿಗೆ 412 ಎಷ್ಟರದು? ನಾನು ಇದಕ್ಕೂ ಯಾವುದಾದರೂ ಪ್ರೋಗ್ರಾಮು ಇರಬಹುದು ಎಂದೆ. “ನೀವು ಸುಮ್ಮ ಕೂಡ್ರಿ” ಎಂದಳು. ಜಾತ್ರೆಯ ಕತೆಯನ್ನು ಮತ್ತೆ ಬರೆದಳು. ಈ ಸಲ ಅಜ್ಜಿ ಸಿಕ್ಕಿದ್ದು ಬಳೆಗಾರರ ಸಾಲಿನಲ್ಲಲ್ಲ, ಮಿಠಾಯಿ ಅಂಗಡಿಯ ಮುಂದೆ. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಕಾಕಾ ತಮ್ಮ ಪುಟವನ್ನು ಮತ್ತೆ ಮುಟ್ಟಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅತ್ತಿಯ ಪುಟ ತೆರೆದು ಕೂಡುತ್ತಾರೆ. ಮೊನ್ನೆ ಚಹಾ ಕೊಡಲು ಬಂದ ವೈನಿಯನ್ನು ನಿಲ್ಲಿಸಿಕೊಂಡರು.

“ಇಲ್ಲೊಂದು ಸಾಲು ಹಾಕವಾ. ನಸುಕಿನ್ಯಾಗ ಗಡಗಡಿ ಕಿರ್ರ್ ಅಂತಿತ್ತು, ಅದರ ಸಪ್ಪಳಕ್ಕ ಎಚ್ಚರ ಆಗತಿತ್ತು ಅಂತ.”

“ಬಾವಿನ ಇರಲಿಲ್ಲ ಅಂದಿದ್ರೆಲ್ರೀ ಮಾವಾರ?”

“ಬಾವಿ ಇರಲಿಲ್ಲ. ಗಡಗಡಿ ಸಪ್ಪಳ ಇತ್ತು. ಸೇವ್ ಮಾಡು.”