ಗಡ್ಡೆ ಮರಳಿ ಬಂದರೆ ತಪ್ಪು ಯಾರದು?

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂತೆನ್ನಿ, ಔಷಧಕ್ಕಿಂತ ಮೊದಲು ಹುಡುಕುವುದು ತಪ್ಪು ಯಾರದೆಂದು! ಆ ಹುಡುಕಾಟ ಎಷ್ಟೋ ಸಲ ಬಂದು ನಿಲ್ಲುವುದು ಅಡುಗೆಮನೆಯ ಬಾಗಿಲಲ್ಲೇ. ಹೌದೋ ಅಲ್ಲವೋ, ನೀವೇ ಹೇಳಿ.

ನನ್ನ ದೊಡ್ಡಮ್ಮನ ಮಗಳ ಪಾಡೂ ಹಾಗೇ ಆಯಿತು. ಭಾವನವರಿಗೆ ಮೆದುಳಿನಲ್ಲಿ ಗಡ್ಡೆ. ಗ್ಲಿಯೋಬ್ಲಾಸ್ಟೋಮಾ ಎಂದರು ಡಾಕ್ಟರು. ಆಪರೇಷನ್ ಆಯಿತು, ಕರೆಂಟು ಕೊಟ್ಟರು, ಮಾತ್ರೆಯೂ ಆಯಿತು. ಕೆಲವು ತಿಂಗಳು ಚೆನ್ನಾಗಿದ್ದು, ಮತ್ತೆ ಗಡ್ಡೆ ಕಾಣಿಸಿಕೊಂಡಿತು. ನೋಡಲು ಬಂದವರದೆಲ್ಲ ಒಂದೊಂದು ಮಾತು. "ಪಥ್ಯ ಸರಿಯಾಗಿ ಮಾಡಿಸಲಿಲ್ಲ", "ತಲೆಗೆ ನೀರು ಬೇಗ ಹಾಕಿಬಿಟ್ಟಳು". ಅಕ್ಕ ಕಂಗಾಲಾದಳು. "ನನ್ನಿಂದಲೇ ಆಯಿತೇನೇ?" ಅಂತ ನನ್ನನ್ನೇ ಕೇಳಿದಳು. ಬಯಾಲಜಿ ಓದಿದ ನನ್ನ ಮಗಳನ್ನು ಕೂರಿಸಿಕೊಂಡು ಕೇಳಿ ತಿಳಿದು, ಅಕ್ಕನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಜೀವಕೋಶದೊಳಗೆ ಡಿ.ಎನ್.ಎ. ಎಂಬ ದೊಡ್ಡ ಅಡುಗೆ ಪುಸ್ತಕವಿದೆ ಅಂದುಕೊಳ್ಳಿ. ಪುಸ್ತಕವನ್ನು ಒಲೆಯ ಹತ್ತಿರ ಒಯ್ಯುವುದಿಲ್ಲ. ಬೇಕಾದ ಅಡುಗೆಯನ್ನಷ್ಟೇ ಚೀಟಿಯಲ್ಲಿ ಬರೆದು ಕಳಿಸುತ್ತದೆ. ಆ ಚೀಟಿಯ ಪ್ರಕಾರ ಪ್ರೋಟೀನು ತಯಾರಾಗುತ್ತದೆ. ಮೈಕ್ರೋ ಆರ್.ಎನ್.ಎ. ಎಂಬುದು ಮನೆಯ ಹಿರಿಯತ್ತೆ ಇದ್ದ ಹಾಗೆ. "ಇವತ್ತು ಅದು ಬೇಡಮ್ಮ" ಎಂದು ಚೀಟಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಇಲ್ಲವೇ ಹರಿದೇ ಹಾಕುತ್ತದೆ. ಉದ್ದ ನೋಡಿದರೆ ಸುಮಾರು 22 ಅಕ್ಷರ, ಅಷ್ಟೇ! ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ 1993ರಲ್ಲಿ ಇದನ್ನು ತೋರಿಸಿಕೊಟ್ಟದ್ದು 1 ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಅದಕ್ಕಾಗಿ 2024ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಭಾವನವರಿಗೆ ಬಂದಂಥ ಗಡ್ಡೆಯಲ್ಲಿ ಈ ಯಜಮಾನಿಕೆಯೇ ಹದ ತಪ್ಪುತ್ತದೆ. ಮಿರ್-21 ಎಂಬ ಮೈಕ್ರೋ ಆರ್.ಎನ್.ಎ. ಮಿತಿಮೀರಿ ಹೆಚ್ಚುತ್ತದೆ. ಕೆಟ್ಟ ಕೋಶ ತಾನಾಗಿ ಸಾಯಲು ಬೇಕಾದ ಚೀಟಿಗಳನ್ನು ಅದು ತಡೆಯುತ್ತದೆ. ಗಡ್ಡೆ ಬೆಳೆಯುತ್ತದೆ. ಕೋಶಗಳ ನಡುವಿನ ಗಾರೆಯನ್ನು ಕರಗಿಸುವ ಕಿಣ್ವಗಳು ನಮ್ಮಲ್ಲಿವೆ. ಅವಕ್ಕೆ ಕಡಿವಾಣ ಹಾಕುವ ಪ್ರೋಟೀನುಗಳ ಚೀಟಿಯನ್ನೂ ಮಿರ್-21 ಬಿಡುವುದಿಲ್ಲ. ದಾರಿ ಸಲೀಸಾಗಿ, ಗಡ್ಡೆಯ ಕೋಶಗಳು ಒಳಗೊಳಗೇ ಹರಡುತ್ತವೆ. ಇತ್ತ ಬೆಳವಣಿಗೆಗೆ ಲಗಾಮು ಹಾಕಬೇಕಾದ ಮಿರ್-7 ಕಡಿಮೆಯಾಗಿರುತ್ತದೆ.

ಹಿತ್ತಲಲ್ಲಿ ಗರಿಕೆ ಕಿತ್ತಿದ್ದೀರಲ್ಲ? ಮೇಲಿನದೆಲ್ಲ ಕಿತ್ತರೂ ಮಣ್ಣೊಳಗಿನ ಬೇರು ಮಾರು ದೂರದಲ್ಲಿ ಚಿಗುರುತ್ತದೆ. ಈ ಗಡ್ಡೆಯೂ ಹಾಗೆಯೇ. ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ, ಗ್ಲಿಯೋಮಾ ಜಾತಿಯ ಗಡ್ಡೆಗಾಗಿ ರೋಗಿಗಳ ಮೆದುಳಿನ ಬಲ ಅರ್ಧಗೋಲವನ್ನೇ ತೆಗೆದದ್ದನ್ನು 1928ರಲ್ಲಿ ವರದಿ ಮಾಡಿದರು. ಅಷ್ಟು ಮಾಡಿದರೂ ಗಡ್ಡೆ ಮರುಕಳಿಸಿದ್ದುಂಟು. ಅಲ್ಲಾ, ಅರ್ಧಗೋಲ ತೆಗೆದರೂ ನಿಲ್ಲದ್ದು ಅಕ್ಕ ಮಾಡಿದ ತಿಳಿಸಾರಿಗೆ ನಿಲ್ಲುತ್ತಿತ್ತೇ?

ಕಾಯಿಲೆಯ ಕಡೆಗೂ ಒಂದೆರಡು ಮಾತು. ಎಲ್ಲ ತಲೆನೋವೂ ಗಡ್ಡೆಯಲ್ಲ, ಹೆದರಬೇಡಿ. ಆದರೆ ಬೆಳಗ್ಗೆ ಎದ್ದಾಗ ತಲೆನೋವು, ಜೊತೆಗೆ ವಾಂತಿ, ದೊಡ್ಡವರಿಗೆ ಮೊದಲ ಸಲ ಫಿಟ್ಸ್, ಒಂದು ಕಡೆಯ ಕೈಕಾಲಿಗೆ ಶಕ್ತಿ ಕುಂದುವುದು, ಮಾತು ತೊದಲುವುದು, ಇವನ್ನು ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮೈಕ್ರೋ ಆರ್.ಎನ್.ಎ.ಗಳನ್ನು ಸರಿಪಡಿಸಿ ಈ ಗಡ್ಡೆಯನ್ನು ಹಿಡಿತಕ್ಕೆ ತರುವ ಪ್ರಯತ್ನ ಇನ್ನೂ ಸಂಶೋಧನೆಯಲ್ಲಿದೆ. ಅದರ ಹೆಸರು ಹೇಳಿ ಯಾರಾದರೂ ಔಷಧ ಮಾರಲು ಬಂದರೆ ದುಡ್ಡು ಕಳೆದುಕೊಳ್ಳಬೇಡಿ.

ಇಂಥ ರೋಗಿಯ ಮನೆಗೆ ಹೋಗುವ ಪ್ರಸಂಗ ಬಂದರೆ, ಪಥ್ಯದ ವಿಚಾರಣೆ ಬೇಡ ಕಣ್ರೀ. ರೋಗಿಯ ಪಕ್ಕ ನೀವು ಎರಡು ಗಂಟೆ ಕೂತುಕೊಳ್ಳಿ. ಹಗಲು ರಾತ್ರಿ ನೋಡಿಕೊಳ್ಳುತ್ತಿರುವ ಆ ಹೆಣ್ಣುಮಗಳು ಒಂದಿಷ್ಟು ನಿದ್ದೆ ಮಾಡಲಿ.